ನಕ್ಷತ್ರ ಕಟ್ಟದ ಮನೆಯ ಕ್ರಿಸ್‌ಮಸ್

ಡಿಸೆಂಬರ್ ತಿಂಗಳಲ್ಲಿ ಚಾಮರಾಜನಗರ, ಉಡಿಗಾಲ, ಗುಂಡ್ಲುಪೇಟೆ ಸೀಮೆಯ ಬೆಳಗಿನ ಜಾವವನ್ನು ಕಂಡವರಿಗೆ ಆ ಚಳಿ ನೆನಪಿರುತ್ತದೆ. ಗೋಪಾಲಸ್ವಾಮಿ ಬೆಟ್ಟದ ಕಡೆ ಮಂಜು, ಹೊಲದ ಬದುವಿನಲ್ಲಿ ಅವರೆಕಾಯಿಯ ಸೊಗಡು, ಬೀದಿ ತುದಿಯಲ್ಲಿ ಟೀ ಅಂಗಡಿಯ ಹೊಗೆ. ಧನುರ್ಮಾಸದ ಪೂಜೆಗೆ ಒಂದು ಬೀದಿಯವರು ಬೇಗ ಎದ್ದರೆ, ಅಲ್ಲೊಂದು ಇಲ್ಲೊಂದು ಇರುವ ಕ್ರೈಸ್ತರ ಮನೆಗಳಲ್ಲಿ ಮುಂಬಾಗಿಲ ಮೇಲೆ ಕಾಗದದ ನಕ್ಷತ್ರ ತೂಗಾಡುತ್ತದೆ. ಒಳಗೊಂದು ಬಲ್ಬು. ಅದು ಉರಿಯಿತೆಂದರೆ ಇನ್ನು ನಾಲ್ಕು ದಿನಕ್ಕೆ ಕಜ್ಜಾಯ, ಕಲಕಲ ತಟ್ಟೆಗಟ್ಟಲೆ ಬರುತ್ತವೆ ಎಂದು ಅಕ್ಕಪಕ್ಕದ ಮಕ್ಕಳಿಗೂ ಗೊತ್ತು.

ಈಗ ಇಂಥ ಊರಿನ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಈ ವರ್ಷ ಅಲ್ಲಿ ನಕ್ಷತ್ರವಿಲ್ಲ. ಜೂನ್ ತಿಂಗಳಲ್ಲಿ ಮನೆಯ ಯಜಮಾನರು ತೀರಿಕೊಂಡರು. ಪ್ರತಿ ವರ್ಷ ಸ್ಟೂಲು ಹಾಕಿಕೊಂಡು ನಕ್ಷತ್ರ ಕಟ್ಟುತ್ತಿದ್ದವರು ಅವರೇ. ಚಿಕ್ಕ ಮಗಳು ಅಟ್ಟದ ಕಡೆ ನೋಡುತ್ತಾಳೆ, ಕೇಳುವುದಿಲ್ಲ. ಅಮ್ಮ ಅವಳ ಕಣ್ಣು ತಪ್ಪಿಸುತ್ತಾಳೆ. ಸಂಜೆ ಸಭೆಯ ಹಿರಿಯರೊಬ್ಬರು ಬಂದು ಕುಳಿತು, "ಅಳಬ್ಯಾಡ ಕನವ್ವ, ಎಲ್ಲಕ್ಕೂ ದ್ಯಾವ್ರಿಗೆ ಸ್ತೋತ್ರ ಹೇಳು" ಎನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಆಕೆ ತಲೆಯಾಡಿಸಿ, ಕಾಫಿ ಮಾಡುವ ನೆಪದಲ್ಲಿ ಅಡುಗೆಮನೆಗೆ ಹೋಗಿ, ನೀರಿನ ನಲ್ಲಿ ಬಿಟ್ಟುಕೊಂಡು ಅಳುತ್ತಾಳೆ. ಅವರ ಸಕ್ಕರೆ ಕಾಯಿಲೆಯ ಮಾತ್ರೆಯ ಪಟ್ಟಿ ಹದಿನೈದು ದಿನದಿಂದ ಮುಟ್ಟದೆ ಕಪಾಟಿನಲ್ಲಿದೆ.

ಆರೋಗ್ಯದ ಅಂಕಣದಲ್ಲಿ ಕ್ರಿಸ್‌ಮಸ್ಸಿನ ಮಾತೇಕೆ ಎಂದು ಕೇಳುವ ಓದುಗರಿಗೆ ಆ ಮಾತ್ರೆಯ ಪಟ್ಟಿಯೇ ಉತ್ತರ. ದುಃಖ ಮನಸ್ಸಿನಲ್ಲಿ ಮಾತ್ರ ಇರುವುದಿಲ್ಲ. ಅದು ನಿದ್ದೆಯಲ್ಲಿರುತ್ತದೆ, ಹೊಟ್ಟೆಯಲ್ಲಿರುತ್ತದೆ, ರಕ್ತದ ಒತ್ತಡದಲ್ಲಿರುತ್ತದೆ. ಹಬ್ಬದ ದಿನಗಳಲ್ಲಿ ಅದು ಒಮ್ಮೆಗೇ ಮೇಲೆದ್ದು ಬರುತ್ತದೆ. ನೀವು ಯಾವ ಧರ್ಮದವರೇ ಆಗಿರಿ, ಯುಗಾದಿಯೋ ಗೌರಿ ಹಬ್ಬವೋ ರಂಜಾನೋ ಬಂದಾಗ ಇದನ್ನು ಅನುಭವಿಸಿರುತ್ತೀರಿ.

ಎದೆ ಒಡೆಯುವುದೆಂದರೆ

"ಗಂಡ ಹೋದ ಕೊರಗಿನಲ್ಲೇ ಹೋದಳು", "ಹೆಂಡತಿ ಹಿಂದೆಯೇ ಹೊರಟುಬಿಟ್ಟ" ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಹೊಸದಲ್ಲ. ಅದು ಬರೀ ಆಡುಮಾತಲ್ಲ ಎಂದು ಲೆಕ್ಕ ಹಾಕಿ ತೋರಿಸಿದವರಲ್ಲಿ ಇಂಗ್ಲೆಂಡಿನ ಮನೋವೈದ್ಯ ಕಾಲಿನ್ ಮರ್ರೆ ಪಾರ್ಕ್ಸ್ ಒಬ್ಬರು. 1969ರಲ್ಲಿ ಅವರೂ ಅವರ ಸಂಗಡಿಗರೂ ಪ್ರಕಟಿಸಿದ ಅಧ್ಯಯನದಲ್ಲಿ, 55 ವರ್ಷ ದಾಟಿದ 4,486 ವಿಧುರರನ್ನು ಗಮನಿಸಿದ್ದರು. ಹೆಂಡತಿ ಸತ್ತ ಮೊದಲ ಆರು ತಿಂಗಳಲ್ಲಿ ಅವರಲ್ಲಿ 213 ಮಂದಿ ತೀರಿಕೊಂಡರು. ಅದೇ ವಯಸ್ಸಿನ ಇತರ ವಿವಾಹಿತ ಗಂಡಸರಿಗೆ ಹೋಲಿಸಿದರೆ ಇದು ಶೇಕಡಾ 40ರಷ್ಟು ಹೆಚ್ಚು. ಹೆಚ್ಚಿನ ಸಾವುಗಳಿಗೆ ಹೃದಯದ ತೊಂದರೆಯೇ ಕಾರಣವಾಗಿತ್ತು.

ಜಪಾನಿನ ವೈದ್ಯರು 1990ರಲ್ಲಿ ಇನ್ನೊಂದು ಸಂಗತಿಯನ್ನು ವಿವರಿಸಿದರು. ತೀವ್ರ ಆಘಾತವಾದಾಗ ಕೆಲವರ ಹೃದಯದ ಎಡ ಕೆಳಕೋಣೆ ಬಲೂನಿನಂತೆ ಉಬ್ಬಿ ದುರ್ಬಲವಾಗುತ್ತದೆ. ಅದರ ಆಕಾರ ಅಲ್ಲಿನ ಬೆಸ್ತರು ಆಕ್ಟೋಪಸ್ ಹಿಡಿಯುವ ಮಡಕೆಯನ್ನು ಹೋಲುತ್ತದೆಂದು ಅದಕ್ಕೆ 'ಟಾಕೋತ್ಸುಬೊ' ಎಂದೇ ಹೆಸರಿಟ್ಟರು. ಮುಟ್ಟು ನಿಂತ ಹೆಂಗಸರಲ್ಲಿ ಇದು ಹೆಚ್ಚು. ಲಕ್ಷಣಗಳೆಲ್ಲ ಹೃದಯಾಘಾತದಂತೆಯೇ. ಎದೆನೋವು, ಉಬ್ಬಸ, ಇಸಿಜಿಯಲ್ಲಿ ಏರುಪೇರು. ರಕ್ತನಾಳ ಮಾತ್ರ ಕಟ್ಟಿರುವುದಿಲ್ಲ. ಬಹುಪಾಲು ಮಂದಿ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ, ಆದರೆ ಎಲ್ಲರೂ ಅಲ್ಲ. ಆದ್ದರಿಂದ ಸಾವಿನ ಮನೆಯಲ್ಲಿ ಯಾರಾದರೂ ಎದೆ ಹಿಡಿದುಕೊಂಡರೆ "ಸಂಕಟಕ್ಕೆ ಹಂಗಾಗ್ತದೆ, ಮಜ್ಜಿಗೆ ಕೊಡಿ" ಎನ್ನುತ್ತ ಕೂರಬೇಡಿ. 108ಕ್ಕೆ ಕರೆ ಮಾಡಿ. ಯಾವ ಬಗೆಯ ನೋವೆಂಬುದನ್ನು ಆಸ್ಪತ್ರೆಯಲ್ಲಿ ನೋಡಲಿ.

ಇನ್ನು ಹಬ್ಬವೇ ಏಕೆ? ನೆನಪಿನ ಬೇರು ಮೂಗಿನಲ್ಲಿದೆ, ಕಿವಿಯಲ್ಲಿದೆ. ಕಜ್ಜಾಯದ ಪಾಕದ ವಾಸನೆ, ರಾತ್ರಿ ಮನೆಮನೆಗೆ ಬರುವ ಕ್ಯಾರಲ್ ತಂಡದ ಡೋಲಕ್ಕು, ಗೋದಲಿಗೆ ಹುಲ್ಲು ಹಾಸುವಾಗಿನ ಆ ಒಣಹುಲ್ಲಿನ ಗಂಧ, ಇವು ಬುದ್ಧಿಯನ್ನು ಕೇಳದೆ ನೇರವಾಗಿ ಒಳಕ್ಕೆ ಇಳಿಯುತ್ತವೆ. ಆರು ತಿಂಗಳು ಗಟ್ಟಿಯಾಗಿದ್ದವರು ಒಂದು ಹಾಡಿನ ಪಲ್ಲವಿಗೆ ಕುಸಿಯುತ್ತಾರೆ. ಹಿಂದೆ ಬಿದ್ದೆವೆಂದು ಅವರು ಹೆದರಬೇಕಾಗಿಲ್ಲ. ಮೊದಲ ವರ್ಷಕ್ಕಿಂತ ಎರಡನೆಯ ವರ್ಷವೇ ಕಷ್ಟವಾಯಿತು ಎನ್ನುವವರೂ ಉಂಟು. ಮೊದಲ ಸಲ ಜನ ಜೊತೆಗಿರುತ್ತಾರೆ, ಎರಡನೆಯ ಸಲ ಎಲ್ಲರೂ ಮರೆತಿರುತ್ತಾರೆ.

'ಎಲ್ಲಕ್ಕೂ ಸ್ತೋತ್ರ' ಎಂದರೇನು?

ಆ ಹಿರಿಯರ ಮಾತಿಗೆ ಬರೋಣ. ಕೃತಜ್ಞತೆ ಕ್ರೈಸ್ತ ನಂಬಿಕೆಯಲ್ಲಿ ಬದಿಯ ವಿಷಯವಲ್ಲ, ನಡುಗಂಬ. ಚರ್ಚಿನ ಮುಖ್ಯ ಆರಾಧನೆಗೆ ಇರುವ 'ಯೂಕರಿಸ್ತ್' ಎಂಬ ಗ್ರೀಕ್ ಮೂಲದ ಹೆಸರಿನ ಅರ್ಥವೇ ಕೃತಜ್ಞತಾಸ್ತುತಿ. ಅದು ಮೊದಲು ನಡೆದದ್ದು ಯಾವಾಗ? ಯೇಸು ಹಿಡಿದುಕೊಡಲ್ಪಟ್ಟ ರಾತ್ರಿ. ಬೆಳಗಾದರೆ ಸಾವು ಎಂದು ಗೊತ್ತಿದ್ದವರು ರೊಟ್ಟಿ ಕೈಗೆತ್ತಿಕೊಂಡು ತಂದೆಗೆ ಸ್ತೋತ್ರ ಮಾಡಿದರೆಂದು ಸುವಾರ್ತೆಗಳು ಹೇಳುತ್ತವೆ. ದುಃಖ ಮುಗಿದ ಮೇಲಿನ ಕೃತಜ್ಞತೆ ಅದಲ್ಲ, ದುಃಖದ ಮಧ್ಯೆ ಇಟ್ಟ ಕೃತಜ್ಞತೆ.

ಪೌಲನು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದಲ್ಲಿ ಇರುವ ಪ್ರಸಿದ್ಧ ಬುದ್ಧಿಮಾತೂ ಹೀಗೆಯೇ. ಎಲ್ಲ ಸ್ಥಿತಿಗಳ 'ಒಳಗೆ' ಕೃತಜ್ಞರಾಗಿರಿ ಎಂಬುದು ಅಲ್ಲಿನ ಮೂಲ ಪದದ ಧಾಟಿ. ಸಾವಿ'ಗಾಗಿ' ವಂದನೆ ಹೇಳಿ ಎಂದಲ್ಲ. ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಎಫೆಸದವರಿಗೆ ಬರೆದ ಪತ್ರದಲ್ಲಿ 'ಎಲ್ಲದಕ್ಕಾಗಿ' ಎಂಬ ಅರ್ಥದ ಮಾತೂ ಬರುತ್ತದೆ. ಅದನ್ನು ಎಷ್ಟು ದೂರ ಎಳೆಯಬೇಕೆಂಬುದನ್ನು ದೈವಶಾಸ್ತ್ರಜ್ಞರು ಚರ್ಚಿಸಿಕೊಳ್ಳಲಿ. ಗಂಡನನ್ನು ಮಣ್ಣು ಮಾಡಿ ಬಂದ ಹೆಂಗಸಿನ ಮುಂದೆ ಆ ವಾಕ್ಯವನ್ನು ಕೋಲಿನಂತೆ ಹಿಡಿಯುವುದು ಸರಿಯಲ್ಲ ಎಂಬುದು ಮಾತ್ರ ಈ ಅಂಕಣದ ನಿಲುವು.

ಏಕೆಂದರೆ ಅದೇ ಬೈಬಲಿನಲ್ಲಿ ಅಳುವಿಗೂ ದೊಡ್ಡ ಜಾಗವಿದೆ. 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಗೋಳಿನ ಕೀರ್ತನೆಗಳು. ಅವುಗಳಲ್ಲಿ ಬಹಳಷ್ಟು ಕೊನೆಗೆ ಸ್ತುತಿಗೆ ತಿರುಗುತ್ತವೆ, ನಿಜ. ಆದರೆ 88ನೇ ಕೀರ್ತನೆ ತಿರುಗುವುದೇ ಇಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಅದನ್ನು ಯಾರೂ ಕಿತ್ತುಹಾಕಲಿಲ್ಲ. ಲಾಜರನನ್ನು ಎಬ್ಬಿಸಲೆಂದೇ ಹೊರಟಿದ್ದ ಯೇಸು ಅವನ ಸಮಾಧಿಯ ಬಳಿ ಅತ್ತರು. ಕ್ರಿಸ್‌ಮಸ್ ಕಥೆಯಲ್ಲೇ ನೋಡಿ. ಮತ್ತಾಯನ ಸುವಾರ್ತೆಯಲ್ಲಿ ಜೋಯಿಸರ ಕಾಣಿಕೆಯ ಬೆನ್ನಿಗೇ ಬೇತ್ಲೆಹೇಮಿನ ಕೂಸುಗಳ ಕೊಲೆ, ಸಮಾಧಾನ ಬೇಡವೆಂದು ಅಳುವ ರಾಹೇಲಳು. ಆ ಮಕ್ಕಳ ನೆನಪಿಗೆ ಡಿಸೆಂಬರ್ 28ನ್ನು ಚರ್ಚು ಮೀಸಲಿಟ್ಟಿದೆ, ಹಬ್ಬದ ಮೂರನೆಯ ದಿನಕ್ಕೆ! ನಾವು ಅಂಗಡಿಯಿಂದ ತರುವ ಗ್ರೀಟಿಂಗ್ ಕಾರ್ಡಿನಲ್ಲಿ ಆ ಭಾಗ ಇರುವುದಿಲ್ಲ, ಅಷ್ಟೆ.

ನಮ್ಮ ಜಿಲ್ಲೆಯ ಎರಡು ನೆನಪುಗಳು

ಈ ಮಾತು ಚಾಮರಾಜನಗರ ಜಿಲ್ಲೆಯವರಿಗೆ ಪುಸ್ತಕದ ಮಾತಲ್ಲ. 2018ರ ಡಿಸೆಂಬರ್ 14ರಂದು ಹನೂರು ಕಡೆಯ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದು 17 ಮಂದಿ ಸತ್ತರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಅದೇ ಸೀಮೆಯ ಮಾರ್ಟಳ್ಳಿಯಲ್ಲಿ ಕ್ಯಾಥೊಲಿಕ್ ಕುಟುಂಬಗಳು ಬಹಳ. ಹನ್ನೊಂದೇ ದಿನಕ್ಕೆ ಕ್ರಿಸ್‌ಮಸ್. ಪಕ್ಕದ ಊರಿನಲ್ಲಿ ಗುಂಡಿಯ ಮಣ್ಣು ಇನ್ನೂ ಹಸಿಯಾಗಿರುವಾಗ ಹಬ್ಬ ಮಾಡುವುದು ಹೇಗೆ, ಬಿಡುವುದು ಹೇಗೆ?

ಇನ್ನೊಂದು, 2021ರ ಮೇ 2ರ ರಾತ್ರಿ. ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಅಭಾವದ ನಡುವೆ ಒಂದೇ ದಿನದೊಳಗೆ 24 ಮಂದಿ ಕೋವಿಡ್ ರೋಗಿಗಳು ಪ್ರಾಣ ಬಿಟ್ಟರು. ಸಂಖ್ಯೆ ಇನ್ನೂ ಹೆಚ್ಚೆಂದು ಕುಟುಂಬದವರು ಹೇಳುತ್ತ ಬಂದರು. ಮುಖ ನೋಡಲಾಗದೆ, ಮೈ ತೊಳೆಸಲಾಗದೆ, ಹಾಲು ತುಪ್ಪ ಬಿಡಲಾಗದೆ ಕಳುಹಿಸಿಕೊಟ್ಟ ಕಾಲ ಅದು. ಅಂಥ ಮನೆಯವರಿಗೆ "ಎಲ್ಲಕ್ಕೂ ಸ್ತೋತ್ರ ಹೇಳಿ" ಎನ್ನಲು ಯಾರಿಗೆ ಬಾಯಿ ಬರುತ್ತದೆ? ತಡೆಯಬಹುದಾಗಿದ್ದ ಸಾವಿನ ಮುಂದೆ ಸಿಟ್ಟು ಬರುವುದು ಆರೋಗ್ಯದ ಲಕ್ಷಣ. ಕೃತಜ್ಞತೆ ಎಂಬುದು ಆ ಸಿಟ್ಟಿನ ಮೇಲೆ ಹಾಕುವ ಮುಚ್ಚಳವಾದರೆ ಅದು ಬೇಡ. ನ್ಯಾಯ ಕೇಳುತ್ತಲೇ, ಅರ್ಜಿ ಹಿಡಿದು ಕಚೇರಿ ಅಲೆಯುತ್ತಲೇ, ಆ ರಾತ್ರಿ ತಮ್ಮ ಕೈಲಾದದ್ದು ಮಾಡಿದ ಒಬ್ಬ ನರ್ಸನ್ನೋ ಆಂಬುಲೆನ್ಸ್ ಚಾಲಕನನ್ನೋ ನೆನೆದು ಕೈಮುಗಿಯಬಹುದು. ಎರಡೂ ಒಂದೇ ಎದೆಯಲ್ಲಿ ಇರುತ್ತವೆ. ಒಂದನ್ನು ಹೊರಹಾಕಿದರೇ ಇನ್ನೊಂದಕ್ಕೆ ಜಾಗ ಎಂಬ ನಿಯಮವಿಲ್ಲ.

ಜರ್ಮನಿಯಲ್ಲಿ ಮಾರ್ಟಿನ್ ರಿಂಕಾರ್ಟ್ ಎಂಬ ಪಾದ್ರಿ ಇದ್ದರು. ಐಲೆನ್‌ಬರ್ಗ್ ಎಂಬ ಕೋಟೆಯೊಳಗಿನ ಊರು. ಹೊರಗೆ ಮೂವತ್ತು ವರ್ಷಗಳ ಯುದ್ಧ, ಒಳಗೆ ನಿರಾಶ್ರಿತರು, 1637ರಲ್ಲಿ ಪ್ಲೇಗು. ಆ ಒಂದು ವರ್ಷದಲ್ಲಿ ಅವರು 4,000ಕ್ಕೂ ಹೆಚ್ಚು ಶವಸಂಸ್ಕಾರ ನಡೆಸಿದರು. ಅದರಲ್ಲಿ ಒಂದು ಅವರ ಹೆಂಡತಿಯದೇ. ಇಂದು ಲೋಕದ ಚರ್ಚುಗಳಲ್ಲೆಲ್ಲ ಕೃತಜ್ಞತೆಯ ಗೀತೆಯೆಂದು ಹಾಡುವ ಒಂದು ಹಾಡು ಅದೇ ಯುದ್ಧದ ಕಾಲದಲ್ಲಿ ಅವರು ಬರೆದದ್ದು. ನನಗೆ ಇದರಲ್ಲಿ ಇಷ್ಟವಾದ ಸಂಗತಿಯೆಂದರೆ, ಅವರು ಅದನ್ನು ದೊಡ್ಡ ಸಮಾರಂಭಕ್ಕೆಂದು ಬರೆದಿರಲಿಲ್ಲ. ಮನೆಯಲ್ಲಿ ಊಟದ ಹೊತ್ತಿಗೆ ಹೇಳುವ ಚಿಕ್ಕ ಪ್ರಾರ್ಥನೆ ಅದು. ಬಡಿಸಲು ಏನೂ ಹೆಚ್ಚಿಲ್ಲದ ಊಟದ ಮೇಜು.

ಅಷ್ಟು ದೂರ ಹೋಗುವುದೂ ಬೇಡ. ಮೈಸೂರಿನ ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆ ಚಾಮರಾಜನಗರದವರಿಗೆ ತಲೆಮಾರುಗಳಿಂದ ಪರಿಚಿತ. ನಿಮ್ಮಲ್ಲಿ ಕೆಲವರು ಅಲ್ಲಿಯೇ ಹುಟ್ಟಿರಲೂಬಹುದು. 1906ರಿಂದ ನಡೆದುಬಂದ ಆ ಆಸ್ಪತ್ರೆಗೆ ಇರುವ ಹೋಲ್ಡ್ಸ್‌ವರ್ತ್ ಎಂಬ ಹೆಸರು, ತೀರಿಕೊಂಡ ಮಿಷನರಿ ಪತ್ನಿ ಮೇರಿ ಕಾಲ್ವರ್ಟ್ ಹೋಲ್ಡ್ಸ್‌ವರ್ತ್ ಅವರ ನೆನಪಿನದು. ಒಂದು ಮನೆಯ ದುಃಖ ಹೆರಿಗೆ ವಾರ್ಡಾಗಿ ನಿಂತಿತು. ಎಲ್ಲರಿಗೂ ಆಸ್ಪತ್ರೆ ಕಟ್ಟಿಸಲಾಗುವುದಿಲ್ಲ. ತಂದೆಯ ಹೆಸರಿನಲ್ಲಿ ಒಬ್ಬ ಹುಡುಗಿಯ ಪರೀಕ್ಷಾ ಶುಲ್ಕ ಕಟ್ಟಬಹುದು.

ಸಂಶೋಧನೆ ಏನನ್ನುತ್ತದೆ?

ಕೃತಜ್ಞತೆಯ ಅಭ್ಯಾಸದಿಂದ ಮೈಮನಸ್ಸಿಗೆ ಒಳ್ಳೆಯದೆಂಬ ಮಾತು ಈಗ ಎಲ್ಲೆಲ್ಲೂ ಕೇಳಿಬರುತ್ತದೆ. ಅಮೆರಿಕದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲೋ 2003ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ದಾರಿ ಮಾಡಿತು. ಒಂದು ಗುಂಪಿನವರು ವಾರಕ್ಕೊಮ್ಮೆ, ಹತ್ತು ವಾರ, ತಮಗೆ ದೊರೆತ ಒಳ್ಳೆಯದನ್ನು ಬರೆದರು. ಇನ್ನೊಂದು ಗುಂಪು ಕಿರಿಕಿರಿಗಳನ್ನು ಬರೆಯಿತು. ಮೊದಲ ಗುಂಪಿನವರು ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನ ತೋರಿದರು. ನರ ಮತ್ತು ಸ್ನಾಯುಗಳ ಕಾಯಿಲೆಯಿದ್ದವರು ಮೂರು ವಾರ ದಿನವೂ ಹೀಗೆ ಬರೆದಾಗ ನಿದ್ದೆಯೂ ಸುಧಾರಿಸಿತು.

ಆದರೆ ಒಂದು ಎಚ್ಚರಿಕೆ. ಅವರು ಪರೀಕ್ಷಿಸಿದ್ದು ಹೆಚ್ಚಾಗಿ ಕಾಲೇಜು ವಿದ್ಯಾರ್ಥಿಗಳನ್ನು, ಸಾವಿನ ಮನೆಯವರನ್ನಲ್ಲ. ನಂತರದ ವಿಮರ್ಶೆಗಳ ಪ್ರಕಾರ ಈ ಅಭ್ಯಾಸದ ಫಲ ಸಾಧಾರಣ ಪ್ರಮಾಣದ್ದು. ಖಿನ್ನತೆಗೆ ಔಷಧಿಯ ಬದಲು ಇದನ್ನು ಕೊಡುವಂತಿಲ್ಲ. ಬೆಂದ ಅಡುಗೆಗೆ ಉಪ್ಪಿನಂತೆ ಬಳಸಿದರೆ ಸರಿ, ಉಪ್ಪನ್ನೇ ಬಡಿಸಿದರೆ ಯಾರೂ ತಿನ್ನಲಾರರು.

ಹಾಗಾದರೆ ಬಡಿಸುವುದು ಹೇಗೆ? 'ಎಲ್ಲಕ್ಕೂ' ಎಂದು ಶುರುಮಾಡಬೇಡಿ. ಒಂದೇ ಒಂದು, ಅದೂ ಚಿಕ್ಕದು, ಅದೂ ಹೋದವರಿಗೆ ಸಂಬಂಧಿಸಿದ್ದು. "ಅಪ್ಪ ಚರ್ಚಿಗೆ ಹೊರಟಾಗಲೆಲ್ಲ ಸೈಕಲ್ ಒರೆಸುತ್ತಿದ್ದ ಆ ಹಳದಿ ಬಟ್ಟೆ." ಸಾಕು. ನೋಟ್‌ಬುಕ್ಕಿನಲ್ಲಿ ಬರೆಯಿರಿ, ಇಲ್ಲವೇ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ. ಬರೆಯುವಾಗ ಅಳು ಬಂದರೆ ಬರಲಿ. ಒಂದು ದಿನ ಏನೂ ಹೊಳೆಯದಿದ್ದರೆ ಆ ಚೌಕ ಖಾಲಿ ಇರಲಿ, 88ನೇ ಕೀರ್ತನೆಯಂತೆ.

ಆಮೇಲೆ ಬದುಕಿರುವವರ ಸರದಿ. ಶವಪೆಟ್ಟಿಗೆಗೆ ಓಡಾಡಿದವರು, ಮೂರು ದಿನ ಒಲೆ ಹಚ್ಚದ ಮನೆಗೆ ಮುದ್ದೆ ಸಾರು ತಂದ ಪಕ್ಕದ ಮನೆಯ ಗೌಡರ ಸೊಸೆ, ಸಮಾಧಿ ತೋಡಿದವರು. ಆ ಗಲಿಬಿಲಿಯಲ್ಲಿ ಅವರಿಗೆ ಒಂದು ಮಾತೂ ಹೇಳಿರುವುದಿಲ್ಲ. ಈ ಹಬ್ಬಕ್ಕೆ ಸಿಹಿ ಮಾಡಲಾಗದಿದ್ದರೆ ಬೇಡ, ಒಂದು ಕಾಗದ ಬರೆದು ಮಗಳ ಕೈಲಿ ಕಳುಹಿಸಿ. ನಮ್ಮ ಕಡೆ "ಥ್ಯಾಂಕ್ಸ್" ಎಂದು ಮುಖದ ಮೇಲೆ ಹೇಳುವುದು ಅಷ್ಟು ರೂಢಿಯಲ್ಲ, ಹೇಳಿದರೆ "ನಾವೇನ್ ಬ್ಯಾರೆಯೋರಾ?" ಎಂದು ಮುನಿಸಿಕೊಳ್ಳುತ್ತಾರೆ. ಅವರ ಮನೆಗೆ ಹೋಗಿ ಅರ್ಧ ಗಂಟೆ ಜಗಲಿಯ ಮೇಲೆ ಕುಳಿತು ಬಂದರೂ ಅದೇ ಆಯಿತು.

ಹಬ್ಬ ಮಾಡಬೇಕೋ ಬೇಡವೋ?

ಸಾವಾದ ವರ್ಷ ಹಬ್ಬವಿಲ್ಲ ಎಂಬುದು ನಮ್ಮ ನೆಲದ ರೂಢಿ. ಕ್ರೈಸ್ತ ಕುಟುಂಬಗಳಲ್ಲೂ ಅದು ಉಳಿದಿದೆ. ಅದರಲ್ಲಿ ತಪ್ಪೇನೂ ಇಲ್ಲ. ಅದು ದುಃಖಕ್ಕೆ ಕೊಟ್ಟ ರಜೆ. ಆದರೆ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಎಲ್ಲವನ್ನೂ ನಿಲ್ಲಿಸಿದರೆ, ಅಪ್ಪನ ಜೊತೆ ಹಬ್ಬವೂ ಸತ್ತಿತು ಎಂದು ಮಗು ತಿಳಿಯುತ್ತದೆ. ಡಿಸೆಂಬರ್ ಮೊದಲ ವಾರದಲ್ಲೇ ಮನೆಯವರೆಲ್ಲ ಕುಳಿತು ಮಾತಾಡಿ. ಯಾವುದು ಇರಲಿ, ಯಾವುದು ಬೇಡ? ನಕ್ಷತ್ರ ಹೊರಗೆ ಬೇಡವೆನಿಸಿದರೆ ಒಳಗೆ, ಫೋಟೋ ಇರುವ ಕೋಣೆಯಲ್ಲಿ ಕಟ್ಟಬಹುದು. ಹೊಸ ಬಟ್ಟೆ ಮಕ್ಕಳಿಗಷ್ಟೇ ಸಾಕು. ನವೆಂಬರ್ 2ರ ಕಲ್ಲರೆ ಹಬ್ಬಕ್ಕೆ ಹೋಗಿದ್ದಂತೆ ಕ್ರಿಸ್‌ಮಸ್ ಬೆಳಿಗ್ಗೆಯೂ ಸಮಾಧಿಗೆ ಹೋಗಿ ಮೇಣದಬತ್ತಿ ಹಚ್ಚಿ ಬರಬಹುದು. ಕ್ಯಾರಲ್ ತಂಡದವರಿಗೆ ಮೊದಲೇ ಹೇಳಿಕಳುಹಿಸಿ, ಬನ್ನಿ ಎಂದೋ, ಈ ಸಲ ಹೊರಗೆ ನಿಂತು ಒಂದೇ ಹಾಡು ಹಾಡಿ ಎಂದೋ. ಹೋದವರ ಹೆಸರನ್ನು ಬಾಯಿಬಿಟ್ಟು ಹೇಳಿ. ಮನೆಯಲ್ಲಿ ಯಾರೂ ಆ ಹೆಸರೆತ್ತದಿರುವುದು ಮಕ್ಕಳನ್ನು ಹೆಚ್ಚು ಹೆದರಿಸುತ್ತದೆ.

ಮೈಯ ಕಡೆ ಗಮನ ಬೇಕು. ಬಿ.ಪಿ., ಸಕ್ಕರೆಯ ಮಾತ್ರೆಗಳನ್ನು ಕೊಡುವ ಜವಾಬ್ದಾರಿಯನ್ನು ಮನೆಯಲ್ಲಿ ಒಬ್ಬರು ವಹಿಸಿಕೊಳ್ಳಲಿ. "ತಗೊಂಡ್ಯಾ?" ಎಂದು ಕೇಳಿದರೆ ಸಾಲದು, ನೀರಿನ ಲೋಟದ ಜೊತೆ ಕೈಗೆ ಕೊಡಬೇಕು. ಹಸಿವಿಲ್ಲದಿದ್ದರೂ ಹೊತ್ತು ಹೊತ್ತಿಗೆ ಸ್ವಲ್ಪ ಗಂಜಿಯಾದರೂ ಹೋಗಲಿ. ಬೆಳಗಿನ ಬಿಸಿಲಿನಲ್ಲಿ ಇಪ್ಪತ್ತು ನಿಮಿಷ ನಡೆದರೆ ರಾತ್ರಿಯ ನಿದ್ದೆಗೆ ನೆರವಾಗುತ್ತದೆ. ಗಂಡಸರ ವಿಷಯದಲ್ಲಿ ಒಂದು ಮಾತು ಕಟುವಾಗಿಯೇ ಹೇಳಬೇಕು. ಹಬ್ಬದ ನೆಪದಲ್ಲಿ ದುಃಖ ಮರೆಯಲು ಕುಡಿಯುವುದು ನಮ್ಮಲ್ಲಿ ತೀರ ಸಾಮಾನ್ಯ. ಮದ್ಯ ನಿದ್ದೆಯನ್ನು ಕೆಡಿಸುತ್ತದೆ, ಖಿನ್ನತೆಯನ್ನು ಹೆಚ್ಚಿಸುತ್ತದೆ. ಮರುದಿನ ಆ ದುಃಖ ಹೋದಲ್ಲೇ ಕಾದಿರುತ್ತದೆ.

ಎಲ್ಲ ದುಃಖವೂ ಕಾಯಿಲೆಯಲ್ಲ. ಬಹುಪಾಲು ಮಂದಿಗೆ ಕಾಲ ಮತ್ತು ಜನ ಸಾಕು. 2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ದೀರ್ಘಕಾಲದ ದುಃಖವನ್ನು ಒಂದು ತೊಂದರೆಯೆಂದು ಗುರುತಿಸಿದ್ದಾರೆ. ಆರು ತಿಂಗಳು ಕಳೆದರೂ, ಆ ಸಮಾಜದ ರೂಢಿಯನ್ನೂ ಮೀರಿ, ದಿನದ ಕೆಲಸವೇ ಸಾಗದಷ್ಟು ದುಃಖ ಕಾಡಿದರೆ ಅದಕ್ಕೆ ಚಿಕಿತ್ಸೆ ಬೇಕು. ಅಮೆರಿಕದ ಮನೋವೈದ್ಯರ ಪಟ್ಟಿ ವಯಸ್ಕರಿಗೆ ಒಂದು ವರ್ಷದ ಗಡುವು ಇಟ್ಟಿದೆ. ನಮ್ಮ ಅಜ್ಜಿಯರ 'ವರ್ಷ ತುಂಬಲಿ' ಎಂಬ ಲೆಕ್ಕಕ್ಕೂ ಇದಕ್ಕೂ ಎಷ್ಟು ಹತ್ತಿರ! ಆದರೆ ಸಾಯಬೇಕೆಂಬ ಮಾತು ಬಾಯಿಂದ ಬಂದರೆ, "ಅವರ ಹತ್ತಿರ ಹೋಗಿಬಿಡ್ತೀನಿ" ಎಂಬಂಥ ಮಾತು ಮತ್ತೆ ಮತ್ತೆ ಬಂದರೆ, ಗಡುವು ಕಾಯಬೇಡಿ. ಅವರನ್ನು ಒಂಟಿಯಾಗಿ ಬಿಡಬೇಡಿ, ಹೊಲದ ಔಷಧಿ ಡಬ್ಬಗಳನ್ನು ಮನೆಯಿಂದ ದೂರವಿಡಿ. ಹೊತ್ತುಗೊತ್ತಿಲ್ಲದೆ 14416ಕ್ಕೆ ಕರೆ ಮಾಡಬಹುದು. ಇದು 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ಉಚಿತ 'ಟೆಲಿ ಮಾನಸ್' ಸೇವೆ, ಕನ್ನಡದಲ್ಲೇ ಮಾತಾಡಬಹುದು. ಆಸ್ಪತ್ರೆಗೆ ಹೋಗುವುದು ನಂಬಿಕೆಯ ಕೊರತೆಯೆಂದು ಯಾರಾದರೂ ಹೇಳಿದರೆ ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆಯನ್ನು ನಡೆಸುತ್ತಿರುವವರು ಯಾರೆಂದು ಅವರಿಗೆ ನೆನಪಿಸಿ.

ಇನ್ನು ಡಿಸೆಂಬರ್ 31ರ ರಾತ್ರಿ. ಅನೇಕ ಚರ್ಚುಗಳಲ್ಲಿ ಅಂದು ವರ್ಷಾಂತ್ಯದ ಆರಾಧನೆ ಇರುತ್ತದೆ. ಒಬ್ಬೊಬ್ಬರೇ ಎದ್ದು ನಿಂತು ಆ ವರ್ಷ ದೇವರು ಮಾಡಿದ ಉಪಕಾರಗಳನ್ನು ಹೇಳುತ್ತಾರೆ. ನೀವು ಎದ್ದು ನಿಲ್ಲಲೇಬೇಕೆಂದಿಲ್ಲ. ಹೋಗಬೇಕೆನಿಸಿದರೆ ಶಾಲು ಹೊದ್ದುಕೊಂಡು ಹೋಗಿ, ಹಿಂದೆ ಬಾಗಿಲ ಹತ್ತಿರದ ಬೆಂಚಿನ ತುದಿಯಲ್ಲಿ ಕುಳಿತುಕೊಳ್ಳಿ. ನಡುವೆ ಹೊರಗೆ ಹೋಗಿ ಸ್ವಲ್ಪ ಹೊತ್ತು ಚಳಿಯಲ್ಲಿ ನಿಲ್ಲಬೇಕೆನಿಸಿದರೆ ಅಲ್ಲಿಂದ ಯಾರನ್ನೂ ದಾಟಬೇಕಾಗುವುದಿಲ್ಲ.